ಒಂದು ತೇಪೆ, ಒಂದು ರಫು

ಕೆಲಸ ಮುಗಿದ ಮೇಲೆ ಡಾಕ್ಟರಮ್ಮ ನನ್ನ ಕೈಗೊಂದು ಕನ್ನಡಿ ಕೊಟ್ಟರು. ತಮ್ಮ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ನನ್ನ ಬಾಯೊಳಗೆ ಇಳಿಸಿ, ಎಡಗಡೆಯ ಕೆಳದವಡೆ ಕಾಣುವ ಹಾಗೆ ದೀಪ ತಿರುಗಿಸಿ, “ಯಾವ ಹಲ್ಲು ತುಂಬಿದ್ದು, ಹೇಳಿ ನೋಡೋಣ” ಅಂದರು. ಮುಕ್ಕಾಲು ಗಂಟೆಗೆ ಮುಂಚೆ ಅಲ್ಲೊಂದು ಹಲ್ಲಿನ ನಡುವೆ ಕಡಲೆಕಾಳು ಕೂರುವಷ್ಟು ದೊಡ್ಡ ಕರಿ ಗುಂಡಿ ಇತ್ತು. ಈಗ ಮೂರು ದವಡೆ ಹಲ್ಲುಗಳು ಒಂದೇ ತಾಯಿಯ ಮಕ್ಕಳ ಹಾಗೆ ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಅದರದರ ದಿಬ್ಬ, ಅದರದರ ಕಣಿವೆ, ಕಣಿವೆಯ ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಕಂದು ಗೆರೆ. ನಾನು ಧೈರ್ಯವಾಗಿ ನಡುವಿನದನ್ನು ತೋರಿಸಿದೆ. ತಪ್ಪಾಗಿತ್ತು. ಅವರು ಮಾಸ್ಕಿನೊಳಗೆ ನಕ್ಕದ್ದು ಕಣ್ಣಿನಲ್ಲಿ ಗೊತ್ತಾಯಿತು.

ಆಮೇಲೆ ದೀಪ ಬಲಗಡೆಗೆ ತಿರುಗಿತು. ಅಲ್ಲಿ ಹುಡುಕುವ ಕಷ್ಟವೇ ಇರಲಿಲ್ಲ. ದವಡೆ ಹಲ್ಲಿನ ನೆತ್ತಿಯ ಮೇಲೆ ಹಳೆಯ ನಾಣ್ಯದ ಬಣ್ಣದ ಲೋಹದ ತುಂಡೊಂದು ನಾನಿಲ್ಲಿದ್ದೇನೆ ಅಂತ ಕೂತಿತ್ತು. ಡಾಕ್ಟರಮ್ಮ ಮೊನಚು ಕಡ್ಡಿಯನ್ನು ಅದರ ಅಂಚಿನುದ್ದಕ್ಕೂ ಮೆಲ್ಲಗೆ ಎಳೆದರು. ಲೋಹ ಮುಗಿದು ಹಲ್ಲು ಶುರುವಾಗುವ ಕಡೆ ಕಡ್ಡಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

“ಇದನ್ನ ಯಾರು ಮಾಡಿದ್ದು ಸಾರ್?”

“ನಮ್ಮೂರ ಡಾಕ್ಟ್ರು. ನಾನಾಗ ಐದನೇ ಕ್ಲಾಸು.”

“ನಲವತ್ತು ವರ್ಷ ಆಯ್ತಲ್ಲ! ಎಂಥಾ ಕೈ ನೋಡಿ. ಇದನ್ನ ತೆಗೆದು ಬಿಳೀದು ಹಾಕ್ತೀನಿ ಅಂತ ಯಾರಾದ್ರೂ ಅಂದ್ರೆ ಬೇಡ ಅನ್ನಿ.”

ಒಬ್ಬ ಕಸುಬುದಾರರು ಇನ್ನೊಬ್ಬ ಕಸುಬುದಾರರನ್ನು, ಅವರು ಇಲ್ಲದಾಗ, ಮುಖ ನೋಡದೆ ಹೊಗಳುವುದು ದೊಡ್ಡ ಮಾತು. ಅಲ್ಲಿಯವರೆಗೆ ನನ್ನ ಬಾಯಲ್ಲಿ ರಿಪೇರಿಯಾದ ಎರಡು ಹಲ್ಲು ಇವೆ ಅಂತ ಮಾತ್ರ ಅಂದುಕೊಂಡಿದ್ದೆ. ಆವತ್ತು ಎರಡು ಘರಾನೆಗಳು ಇವೆ ಅನ್ನುವುದು ತಿಳಿಯಿತು.

*

ನಮ್ಮೂರಲ್ಲಿ ಯಾರೂ ಫಿಲ್ಲಿಂಗ್ ಅನ್ನುತ್ತಿರಲಿಲ್ಲ. ಹುಳುಕು ಹಲ್ಲಿಗೆ ‘ಸಿಮೆಂಟು ಹಾಕಿಸುವುದು’ ಅನ್ನುತ್ತಿದ್ದರು. ಸಿಮೆಂಟು ಹಾಕುವ ಡಾಕ್ಟರ ಕೋಣೆ ಪೇಟೆ ಬೀದಿಯ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ಲವಂಗದ ವಾಸನೆ. ಲೋಹ ಬಿಸಿಯನ್ನೂ ತಣ್ಣನೆಯದನ್ನೂ ನೇರವಾಗಿ ಹಲ್ಲಿನ ನರಕ್ಕೆ ಮುಟ್ಟಿಸುತ್ತದೆ, ಅದಕ್ಕೇ ಆಳದ ಗುಂಡಿಯಾದರೆ ತಳಕ್ಕೆ ಲವಂಗದೆಣ್ಣೆಯ ಸತ್ವ ಕಲಸಿದ ಬಿಳಿ ಲೇಪವೊಂದನ್ನು ಹಾಸುತ್ತಿದ್ದರು. ಹಲ್ಲುನೋವಿಗೆ ಅಜ್ಜಿ ಇಡುತ್ತಿದ್ದ ಲವಂಗವೇ ಡಾಕ್ಟರ ಸೀಸೆಯಲ್ಲೂ ಇದೆಯಲ್ಲ ಅಂತ ನನಗೆ ಅರ್ಧ ಧೈರ್ಯ ಬಂದಿತ್ತು.

ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಶುರುವಾದದ್ದು 1958ರಲ್ಲಿ. ನಮ್ಮ ಡಾಕ್ಟರು ಅಲ್ಲಿಯ ಮೊದಮೊದಲ ತಂಡಗಳಲ್ಲಿ ಓದಿದವರು ಅಂತ ಅಪ್ಪ ಹೇಳುತ್ತಿದ್ದರು. ಕುರ್ಚಿಯ ಪಕ್ಕದಲ್ಲಿ ಮಡಚಿದ ತೋಳಿನಂಥ ಕಬ್ಬಿಣದ ಕಂಬ, ಅದರ ಪುಟ್ಟ ರಾಟೆಗಳ ಮೇಲೆ ಓಡುವ ದಾರ, ದಾರದ ತುದಿಯಲ್ಲಿ ಕೊರೆಯುವ ಸೂಜಿ. ಆ ಹತ್ತು ನಿಮಿಷದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಅದು ಮುಗಿದ ಮೇಲೆ ನಡೆದದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಕಾಂಪೌಂಡರು ಮೊದಲು ಬೆರಳಿನ ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಗಾಜಿನ ಪುಟ್ಟ ಕಲ್ಬತ್ತಿಗೆ ಅರದಲ್ಲಿ ಉಜ್ಜಿದಂಥ ಬೂದು ಪುಡಿ ಸುರಿದರು. ಇನ್ನೊಂದು ಸೀಸೆಯಿಂದ ಒಂದು ಹನಿ ಪಾದರಸ ಬಿತ್ತು. ಬಿದ್ದದ್ದೇ ನಾಲ್ಕಾಗಿ ಓಡಿತು, ಒಂದಾಗಿ ಕೂಡಿತು. ಅವರು ಅರೆಯತೊಡಗಿದರು. ಮೊದಲು ಗರಗರ ಸದ್ದು, ಆಮೇಲೆ ಸದ್ದಿಲ್ಲ. ಪುಡಿಯೂ ಕಾಣದೆ ಹನಿಯೂ ಕಾಣದೆ ಬೆಣ್ಣೆಯಂಥದ್ದೊಂದು ಹೊಳೆಯುತ್ತ ಕಲ್ಬತ್ತಿನ ಗೋಡೆ ಹತ್ತಿತು. ಅದನ್ನು ಚಿಂದಿ ಬಟ್ಟೆಯಲ್ಲಿ ಕಟ್ಟಿ, ಮೊಸರಿನ ಗಂಟು ಹಿಂಡುವ ಹಾಗೆ ತಿರುಚಿದರು. ಬಟ್ಟೆಯ ಕಣ್ಣುಗಳಿಂದ ಹೆಚ್ಚಾದ ಪಾದರಸ ಸಾಸಿವೆ ಕಾಳಿನ ಹಾಗೆ ಒಸರಿತು. ಒಳಗುಳಿದ ಉಂಡೆಯನ್ನು ಬೆರಳಲ್ಲಿ ಅದುಮಿ ಕಿವಿ ಹತ್ತಿರ ಹಿಡಿದರು. ಹೊಸ ಚರ್ಮದ ಚಪ್ಪಲಿಯ ಹಾಗೆ ಅದು ಕಿರ್ ಅಂದಿತು. “ಬಂತು ಸಾರ್ ಹದ” ಅಂದರು.

ಹೀಗೆ ಬರಿಗೈಯಲ್ಲಿ ಈಗ ಯಾರೂ ಮಾಡುವುದಿಲ್ಲ, ಮಾಡಲೂಬಾರದು. ಪಾದರಸದ ಆವಿ ಉಸಿರಿನಲ್ಲಿ ಒಳಗೆ ಹೋಗುವುದು ಒಳ್ಳೆಯದಲ್ಲ ಅನ್ನುವುದು ಗೊತ್ತಾದ ಮೇಲೆ ಪುಡಿಯೂ ಪಾದರಸವೂ ಅಳತೆ ಮಾಡಿದ ಮುಚ್ಚಿದ ಗುಳಿಗೆಯಲ್ಲಿ ಬರತೊಡಗಿದವು, ಯಂತ್ರ ಅದನ್ನು ಕೆಲವೇ ಸೆಕೆಂಡಿನಲ್ಲಿ ಕುಲುಕಿ ಕೊಡತೊಡಗಿತು. ಉಂಗುರದ ಗುಟ್ಟನ್ನು ಅಕ್ಕಸಾಲಿಗರ ಮನೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಪಾದರಸ ಸೋಕಿದ ಚಿನ್ನ ಬಿಳಿಚಿಕೊಳ್ಳುತ್ತದೆ. ಬೆಳ್ಳಿಯನ್ನು ಕಂಡರೂ ತವರವನ್ನು ಕಂಡರೂ ಪಾದರಸಕ್ಕೆ ಅದೇ ಚಪಲ, ಒಳಗೆ ನುಗ್ಗಿ ಬೆರೆತುಬಿಡುತ್ತದೆ. ಇಡೀ ಬೆಳ್ಳಿ ಸಿಮೆಂಟಿನ ವಿದ್ಯೆ ನಿಂತಿರುವುದು ಆ ಚಪಲದ ಮೇಲೆ.

ಡಾಕ್ಟರು ಉಂಡೆಯನ್ನು ಚೂರು ಚೂರಾಗಿ ಎತ್ತಿ ಗುಂಡಿಯೊಳಗೆ ಇಟ್ಟು, ಚಪ್ಪಟೆ ಮೂತಿಯ ಕಡ್ಡಿಯಿಂದ ದವಡೆ ಅದುರುವಷ್ಟು ಒತ್ತಿದರು. ಗುಂಡಿ ತುಂಬಿ ಮೇಲೆ ಗುಡ್ಡೆಯಾಗುವವರೆಗೂ ಒತ್ತಿ, ಆಮೇಲೆ ಕೆತ್ತತೊಡಗಿದರು. ಹದ ಗಟ್ಟಿಯಾಗುತ್ತ ಹೋಗುವ ಆ ಕೆಲವೇ ನಿಮಿಷಗಳಲ್ಲಿ, ತಲೆಕೆಳಗಾಗಿ ಕಾಣುವ ಕನ್ನಡಿಯೊಳಗೆ ನೋಡುತ್ತ, ಹುಡುಗನೊಬ್ಬನ ಹಲ್ಲಿನ ದಿಬ್ಬ ಕಣಿವೆಗಳನ್ನು ಮತ್ತೆ ಮೂಡಿಸಬೇಕು. ತಡವಾದರೆ ಕಲ್ಲಾಗುತ್ತದೆ, ಆತುರಪಟ್ಟರೆ ಅಂಚು ಕಿತ್ತು ಬರುತ್ತದೆ. ಕೊನೆಗೆ ಗುಂಡು ತಲೆಯ ಕಡ್ಡಿಯಿಂದ ಸವರಿ, ಒದ್ದೆ ಹತ್ತಿಯಿಂದ ಒರೆಸಿ, “ಇವತ್ತು ಈ ಕಡೆ ಅಗೀಬೇಡ ಮರಿ. ನಾಳೆ ಚಕ್ಕುಲಿ ತಿನ್ನು” ಅಂದರು. ಆ ಮಿಶ್ರಣಕ್ಕೆ ಪೂರ್ತಿ ಬಲ ಬರಲು ಒಂದು ದಿನವೇ ಬೇಕು ಅನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ತಲೆಗೆ ಹೋದದ್ದು ಚಕ್ಕುಲಿ ಮಾತ್ರ.

*

ಆ ಬೆಣ್ಣೆಯ ವಂಶ ದೊಡ್ಡದು. ಚೀನಾದಲ್ಲಿ ಟಾಂಗ್ ಅರಸರ ಕಾಲದ, 659ರ ಔಷಧ ಗ್ರಂಥದಲ್ಲೇ ಹಲ್ಲು ತುಂಬುವ ಬೆಳ್ಳಿ ಲೇಪದ ಮಾತು ಬರುತ್ತದೆ. ಯುರೋಪಿನಲ್ಲಿ ಅದು ಬಳಕೆಗೆ ಬಂದದ್ದು ಬಹಳ ತಡವಾಗಿ. 1816ರ ಹೊತ್ತಿಗೆ ಪ್ಯಾರಿಸ್ಸಿನ ಓಗ್ಯುಸ್ತ್ ತಾವೊ ಬೆಳ್ಳಿ ನಾಣ್ಯಗಳನ್ನು ಅರದಲ್ಲಿ ಉಜ್ಜಿ, ಆ ಪುಡಿಗೆ ಪಾದರಸ ಕಲಸಿದ. ಅಂದರೆ ಬಡವನ ಹಲ್ಲಿನ ಗುಂಡಿಗೆ ಬಿದ್ದ ಮೊದಲ ಸಿಮೆಂಟು ನಿಜಕ್ಕೂ ಕಾಸೇ. ಆ ಕಾಲದ ಮಿಶ್ರಣಕ್ಕೆ ಹದ ಇರಲಿಲ್ಲ. ಗಟ್ಟಿಯಾಗುವಾಗ ಉಬ್ಬಿ ಹಲ್ಲನ್ನೇ ಸೀಳುತ್ತಿತ್ತು.

1833ರಲ್ಲಿ ಕ್ರಾಕೂರ್ ಸಹೋದರರು ಇದನ್ನು ನ್ಯೂಯಾರ್ಕಿಗೆ ತಂದು, ‘ರಾಯಲ್ ಮಿನರಲ್ ಸಕ್ಸಿಡೇನಿಯಂ’ ಅಂತ ರಾಜಠೀವಿಯ ಹೆಸರಿಟ್ಟು ಮಾರಿದರು. ಚಿನ್ನದ ರೇಕನ್ನು ಗಂಟೆಗಟ್ಟಲೆ ಬಡಿದು ಹಲ್ಲು ತುಂಬುತ್ತಿದ್ದ ಅಲ್ಲಿನ ದಂತವೈದ್ಯರಿಗೆ ಮೈಯೆಲ್ಲ ಉರಿಯಿತು. ಪಾದರಸ ವಿಷ ಅನ್ನುವ ಭಯ ಒಂದು, ಅಗ್ಗದ ಕೆಲಸಗಾರರು ಅನ್ನ ಕಸಿಯುತ್ತಾರೆ ಅನ್ನುವ ಭಯ ಇನ್ನೊಂದು. ಅಮೆರಿಕದ ದಂತವೈದ್ಯರ ಸಂಘ 1845ರಲ್ಲಿ, ಅಮಾಲ್ಗಮ್ ಅನ್ನುವ ಈ ಪಾದರಸದ ಮಿಶ್ರಣವನ್ನು ನಾನು ಮುಟ್ಟುವುದಿಲ್ಲ ಅಂತ ಸದಸ್ಯರಿಂದ ಸಹಿ ಹಾಕಿಸಿಕೊಂಡಿತು. 1850ರಲ್ಲಿ ಆ ಆಣೆಯನ್ನು ಹಿಂದಕ್ಕೆ ಪಡೆಯಿತು. 1856ರಲ್ಲಿ ಸಂಘವೇ ಮುಚ್ಚಿಹೋಯಿತು. ಬೆಳ್ಳಿ ಉಳಿಯಿತು.

ಅದಕ್ಕೆ ಹದ ಕಲಿಸಿದವನು ಇಲಿನಾಯ್ ಸೀಮೆಯ ಜಿ.ವಿ. ಬ್ಲ್ಯಾಕ್. ಬೆಳ್ಳಿ ಹೆಚ್ಚಾದರೆ ಹಿಗ್ಗುತ್ತದೆ, ತವರ ಹೆಚ್ಚಾದರೆ ಕುಗ್ಗುತ್ತದೆ. ಎರಡನ್ನೂ ತೂಗಿ ಅಳೆದು, ಹಿಗ್ಗದೆ ಕುಗ್ಗದೆ ನಿಲ್ಲುವ ಅಳತೆಯನ್ನು 1895ರ ಹೊತ್ತಿಗೆ ಅವನು ಹಿಡಿದ. ಬೆಳ್ಳಿ ಮೂರರಲ್ಲಿ ಎರಡು ಪಾಲು, ತವರ ಕಾಲು ಪಾಲಿನ ಆಸುಪಾಸು, ಉಳಿದದ್ದು ಒಂದಿಷ್ಟು ತಾಮ್ರ, ಚಿಟಿಕೆ ಸತು. ಇಷ್ಟು ಪುಡಿಗೆ ಹೆಚ್ಚುಕಡಿಮೆ ಅಷ್ಟೇ ತೂಕದ ಪಾದರಸ. ಶಿಕಾಗೋದ ಲಿಂಕನ್ ಪಾರ್ಕಿನಲ್ಲಿ ಅವನ ಪ್ರತಿಮೆ ಇದೆ. ದಂತವೈದ್ಯನೊಬ್ಬ ಉದ್ಯಾನದಲ್ಲಿ ಪ್ರತಿಮೆಯಾಗಿ ಕೂತಿರುವುದು ನನಗೆ ಬಹಳ ಇಷ್ಟವಾದ ಸಂಗತಿ.

ಪುಡಿಗಿಂತ ಚೆಂದ ಅವನು ಹಾಕಿಕೊಟ್ಟ ಗುಂಡಿಯ ಆಕಾರ. ಬೆಳ್ಳಿ ಹಲ್ಲಿಗೆ ಅಂಟುವುದಿಲ್ಲ, ಕೂರುತ್ತದೆ. ಅದು ಎದ್ದು ಬರದ ಹಾಗೆ ಗುಂಡಿಯ ತಳ ಸಮತಟ್ಟಾಗಿರಬೇಕು, ಗೋಡೆ ನೆಟ್ಟಗಿರಬೇಕು, ಬಾಯಿಗಿಂತ ಒಡಲು ಒಂದು ಕೂದಲಿನಷ್ಟು ಅಗಲವಾಗಿರಬೇಕು. ಗಡಿಗೆಯ ಬಾಯಲ್ಲಿ ಮುಷ್ಟಿ ಕಟ್ಟಿದ ಕೈ ಸಿಕ್ಕಿಕೊಳ್ಳುವ ಹಾಗೆ ಬೆಳ್ಳಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಇದರ ಬೆಲೆಯೂ ಕಡಿಮೆಯಲ್ಲ. ಆ ಆಕಾರ ಬರಲೆಂದು ಹುಳುಕಿನ ಜೊತೆಗೆ ಒಳ್ಳೆಯ ಹಲ್ಲನ್ನೂ ಒಂದಿಷ್ಟು ಕೊರೆಯಬೇಕಾಗುತ್ತದೆ.

ನನ್ನನ್ನು ಪೂರ್ತಿ ಸೋಲಿಸಿದ್ದು ಇನ್ನೊಂದು ಗುಣ. ಅಂಟದ ಲೋಹಕ್ಕೂ ಹಲ್ಲಿಗೂ ನಡುವೆ ಮೊದಲ ದಿನ ಕಣ್ಣಿಗೆ ಕಾಣದ ಸಂದು ಇದ್ದೇ ಇರುತ್ತದೆ. ಬಾಯಿಯ ತೇವಕ್ಕೆ, ಹುಳಿಗೆ, ಉಪ್ಪಿಗೆ ಲೋಹದ ಅಂಚು ಮೆಲ್ಲಗೆ ತುಕ್ಕು ಹಿಡಿಯುತ್ತದೆ. ಆ ತುಕ್ಕೇ ತಿಂಗಳುಗಳಲ್ಲಿ ಸಂದನ್ನು ತುಂಬಿ ಮುಚ್ಚುತ್ತದೆ. ಹಾಳಾಗುವುದರಿಂದಲೇ ಗಟ್ಟಿಯಾಗುವ ವಸ್ತುಗಳು ಜಗತ್ತಿನಲ್ಲಿ ಎಷ್ಟಿವೆ? ಡಾಕ್ಟರಮ್ಮನ ಕಡ್ಡಿ ಎಲ್ಲೂ ಸಿಕ್ಕಿಕೊಳ್ಳದೆ ಜಾರಿದ್ದಕ್ಕೆ ನಮ್ಮೂರ ಡಾಕ್ಟರ ಕೈಯ ಜೊತೆಗೆ ನಲವತ್ತು ವರ್ಷದ ನನ್ನ ಸಾರು, ಉಪ್ಪಿನಕಾಯಿ, ಮಜ್ಜಿಗೆಗಳ ಪಾಲೂ ಇದೆ.

ಇನ್ನು ಪಾದರಸ. ನಮ್ಮ ರಸಶಾಸ್ತ್ರದಲ್ಲಿ ಬರೀ ‘ರಸ’ ಅಂದರೆ ಪಾದರಸವೇ. ಹಳೆಯ ರಸವಾದಿಗಳು ಮೂಲಿಕೆಯ ರಸ ಹಿಂಡಿ, ಖಲ್ವದಲ್ಲಿ ಅರೆದು, ಪುಟ ಹಾಕಿ, ವರ್ಷಗಟ್ಟಲೆ ಹೆಣಗಿದ್ದು ರಸವನ್ನು ‘ಕಟ್ಟುವುದಕ್ಕೆ’. ರಸಬಂಧ ಅನ್ನುವ ಹೆಸರೇ ಇದೆ ಅದಕ್ಕೆ. ಓಡುವುದನ್ನು ನಿಲ್ಲಿಸಬೇಕು, ಹಾರುವುದನ್ನು ಕೂರಿಸಬೇಕು. ಒಂದು ಕಡೆ ನಿಲ್ಲದ ಹುಡುಗನಿಗೆ ಪಾದರಸ ಅಂತ ಇವತ್ತಿಗೂ ಅನ್ನುತ್ತೇವಲ್ಲ. ನಮ್ಮೂರ ಕಾಂಪೌಂಡರು ಆ ರಸಬಂಧವನ್ನು ಬೀಡಿ ಸೇದುವಷ್ಟು ಹೊತ್ತಿನಲ್ಲಿ ಮುಗಿಸಿ ಕೈ ತೊಳೆದುಕೊಂಡಿದ್ದರು. ಆವತ್ತು ಕಲ್ಬತ್ತಿನಲ್ಲಿ ನಾಲ್ಕಾಗಿ ಓಡಿದ ಹನಿ ನಲವತ್ತು ವರ್ಷದಿಂದ ನನ್ನ ಹಲ್ಲಿನಲ್ಲಿ ಅಲುಗದೆ ಕೂತಿದೆ.

*

ಬಿಳಿಯ ಕಥೆಯನ್ನು ನಾನು ಕಲಾಯಿಯಿಂದ ಶುರು ಮಾಡುತ್ತೇನೆ. ಕಲಾಯಿಯವರು ಹಿತ್ತಾಳೆ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ಮೊದಲು ನವಸಾಗರದ ಪುಡಿ ಉದುರಿಸಿ ಬಟ್ಟೆಯಲ್ಲಿ ಉಜ್ಜುತ್ತಾರೆ. ಬಿಳಿ ಹೊಗೆ ಏಳುತ್ತದೆ, ಲೋಹದ ಮೈಯ ಕಿಲುಬು ಹೋಗುತ್ತದೆ. ಆ ಗಳಿಗೆಯಲ್ಲೇ ತವರ ಸವರಿದರೆ ಪಾತ್ರೆಯ ಒಳಮೈ ಬೆಳದಿಂಗಳಾಗುತ್ತದೆ. ನವಸಾಗರವಿಲ್ಲದೆ ತವರ ಎಷ್ಟು ಸುರಿದರೂ ಉಂಡೆಯಾಗಿ ಉರುಳಿಹೋಗುತ್ತದೆ. ಅಂಟಿಸುವ ವಿದ್ಯೆ ಅಂದರೆ ಅಂಟಿನ ವಿದ್ಯೆಗಿಂತ ಮೊದಲು ಮೈ ಹದ ಮಾಡುವ ವಿದ್ಯೆ.

ಅಮೆರಿಕದ ರಾಚೆಸ್ಟರ್ ಊರಿನ ಮೈಕೆಲ್ ಬ್ಯುನೊಕೋರ್ 1955ರಲ್ಲಿ ಕಂಡುಕೊಂಡದ್ದು ಇದನ್ನೇ. ಲೋಹಕ್ಕೆ ಬಣ್ಣ ಚೆನ್ನಾಗಿ ಕಚ್ಚಲಿ ಅಂತ ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಬಳಿಯುತ್ತಾರೆ, ಹಲ್ಲಿಗೂ ಯಾಕೆ ಬಳಿಯಬಾರದು ಅಂತ ಅವನಿಗೆ ಹೊಳೆಯಿತು. ನೂರಕ್ಕೆ 85ರ ಆಮ್ಲವನ್ನು 30 ಸೆಕೆಂಡು ಎನಾಮಲ್ ಮೇಲೆ ಇಟ್ಟು ತೊಳೆದ. ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ, ನೂರಕ್ಕೆ 96 ಪಾಲು ಬರೀ ಖನಿಜವಾದ ಆ ಹೊದಿಕೆಯಲ್ಲಿ ಕಣ್ಣಿಗೆ ಕಾಣದ ಲಕ್ಷಾಂತರ ತೂತು ಬಿದ್ದವು. ನೀರಿನಂಥ ರಾಳ ಅವುಗಳೊಳಗೆ ಇಳಿದು ಗಟ್ಟಿಯಾಯಿತು, ಬೇರು ಬಿಟ್ಟ ಹಾಗೆ ನಿಂತಿತು. ಅವನು ಕೆಲಸ ಮಾಡುತ್ತಿದ್ದ ದಂತ ಚಿಕಿತ್ಸಾಲಯ ಕೊಡಾಕ್ ಕ್ಯಾಮೆರಾದ ಜಾರ್ಜ್ ಈಸ್ಟ್‌ಮನ್ ಕಟ್ಟಿಸಿದ್ದು. ಮುಂದೆ ಹಲ್ಲಿನ ರಾಳವೂ ಬೆಳಕು ಬಿದ್ದರೆ ಮಾರ್ಪಡುವ ವಸ್ತುವೇ ಆಯಿತಲ್ಲ ಅನ್ನುವುದು ನೆನೆದಾಗಲೆಲ್ಲ ಖುಷಿ ಕೊಡುತ್ತದೆ.

ಅಂಟು ಸಿಕ್ಕಿತು, ಗಾರೆ ಬೇಕಾಗಿತ್ತು. 1962ರಲ್ಲಿ ರಾಫೆಲ್ ಬೋವೆನ್ ಹೊಸದೊಂದು ರಾಳ ಮಾಡಿ, ಅದರಲ್ಲಿ ಕಲ್ಲಿನಂಥ ಗಟ್ಟಿ ಪುಡಿಯನ್ನು ಕಲಸಿ ಪೇಟೆಂಟ್ ಪಡೆದ. ಇವತ್ತಿನ ಕಾಂಪೋಸಿಟ್ ಅಂದರೆ ತೂಕದಲ್ಲಿ ಮುಕ್ಕಾಲು ಪಾಲು ಗಾಜಿನ ನುಣ್ಣನೆಯ ಪುಡಿ, ಅದನ್ನು ಹಿಡಿದಿಟ್ಟ ರಾಳ ಕಾಲು ಪಾಲು. ಬೆಳ್ಳಿಯಲ್ಲೂ ಅಷ್ಟೇ, ಪಾದರಸ ಪೂರ್ತಿ ಕರಗಿಸದೆ ಬಿಟ್ಟ ಬೆಳ್ಳಿ ಕಣಗಳು ಜಲ್ಲಿಯಾಗುತ್ತವೆ, ಪಾದರಸ ಬೆರೆತದ್ದು ಗಾರೆಯಾಗುತ್ತದೆ. ನಮ್ಮೂರಿನವರು ಎರಡಕ್ಕೂ ‘ಸಿಮೆಂಟು’ ಅಂದದ್ದು ಸರಿಯಾಗಿಯೇ ಇತ್ತು.

ಎಡಗಡೆಯ ಹಲ್ಲಿಗೆ ಡಾಕ್ಟರಮ್ಮ ಮಾಡಿದ ಮೊದಲ ಕೆಲಸ ಬಣ್ಣ ಆರಿಸುವುದು. ನೀಲಿ ಸೀರೆಗೆ ಸರಿಹೊಂದುವ ರವಿಕೆ ಕಣ ಹುಡುಕುವ ಹಾಗೆ, ಹದಿನಾರು ಹಲ್ಲುಗಳ ಪಟ್ಟಿಯೊಂದನ್ನು ನನ್ನ ತುಟಿಯ ಹತ್ತಿರ ಹಿಡಿದರು. ತಲೆಯ ಮೇಲಿನ ದೀಪ ಆರಿಸಿ ಕಿಟಕಿಯ ಬೆಳಕಿಗೆ ನೋಡಿದರು. ಐದು ಸೆಕೆಂಡು ನೋಡುವುದು, ಕಣ್ಣು ಬೇರೆ ಕಡೆ ತಿರುಗಿಸುವುದು, ಮತ್ತೆ ನೋಡುವುದು. “ಜಾಸ್ತಿ ಹೊತ್ತು ನೋಡಿದ್ರೆ ಎಲ್ಲಾ ಒಂದೇ ಥರ ಕಾಣತ್ತೆ” ಅಂದರು. ಬಾಯಿ ತೆರೆದಿಟ್ಟು ಹಲ್ಲು ಒಣಗಿದರೆ ಅದು ಇನ್ನೂ ಬೆಳ್ಳಗಾಗಿ ಮೋಸ ಮಾಡುತ್ತದಂತೆ, ಅದಕ್ಕೇ ಆಯ್ಕೆ ಮೊದಲೇ ಆಗಬೇಕು. ಬಿಳಿ ಅನ್ನುವ ಬಣ್ಣವೇ ಹಲ್ಲಿನಲ್ಲಿಲ್ಲ ಅನ್ನುವುದು ನನಗೆ ಆಗ ಕಂಡಿತು. ಒಂದು ಹಳದಿಯ ಕಡೆಗೆ, ಒಂದು ಕೆಂಪಿನ ಕಡೆಗೆ, ಒಂದು ಬೂದಿಯ ಕಡೆಗೆ. ಡಾಕ್ಟರಮ್ಮ ಕೋಲಾರದ ಕಡೆಯವರು. “ನಮ್ಮ ಕಡೆ ಫ್ಲೋರೈಡ್ ನೀರು. ಆ ಕಂದು ಕಲೆಯ ಹಲ್ಲಿಗೆ ಈ ಪಟ್ಟಿಯಲ್ಲಿ ಜೋಡಿ ಇಲ್ಲ ಸಾರ್. ಅಂಥ ಎನಾಮಲ್‌ಗೆ ಆಸಿಡ್ಡೂ ಬೇಗ ನಾಟಲ್ಲ” ಅಂದರು.

ಆಮೇಲೆ ಹಸಿರು ರಬ್ಬರ್ ಹಾಳೆ ಬಂತು. 1864ರಲ್ಲಿ ಸ್ಯಾನ್‌ಫರ್ಡ್ ಬಾರ್ನಮ್ ಕಂಡುಹಿಡಿದ ಆ ಹಾಳೆಯ ತೂತಿನಿಂದ ನನ್ನ ಹಲ್ಲೊಂದೇ ತಲೆ ಹೊರಗಿಟ್ಟಿತು, ಉಳಿದ ನಾನೆಲ್ಲ ಹಾಳೆಯ ಹಿಂದೆ. ಎಂಜಲಿನ ಒಂದು ಹನಿ ಒಳಗೆ ಬಂದರೆ ಅಂಟು ಕೆಟ್ಟಿತು. ಬೆಳ್ಳಿ ಈ ವಿಷಯದಲ್ಲಿ ಉದಾರಿ, ಒಂದಿಷ್ಟು ಒದ್ದೆಯನ್ನು ಸಹಿಸಿಕೊಳ್ಳುತ್ತದೆ. ರಾಳಕ್ಕೆ ಮಡಿ ಬೇಕು.

ನೀಲಿ ಬಣ್ಣದ ಆಮ್ಲದ ಲೇಪ ಹಚ್ಚಿ, ಹದಿನೈದು ಸೆಕೆಂಡು ಎಣಿಸಿ, ತೊಳೆದು, ಗಾಳಿ ಊದಿದರು. “ನೋಡ್ತೀರಾ?” ಅಂತ ಕನ್ನಡಿ ತೋರಿಸಿದರು. ಎನಾಮಲ್ಲಿನ ಅಂಚು ಹೊಳಪು ಕಳೆದುಕೊಂಡು, ಚಳಿಗಾಲದ ಬೆಳಿಗ್ಗೆ ಬಸ್ಸಿನ ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಮಂಜಾಗಿತ್ತು. ಆ ಮಂಜು ಬಂದರೆ ಕೆಲಸ ಸರಿಯಾಯಿತು ಅಂತ ಅರ್ಥ. ಒಳಗಿನ ಡೆಂಟಿನ್ನಿನ ನ್ಯಾಯ ಬೇರೆ. ಅದನ್ನು ಪೂರ್ತಿ ಒಣಗಿಸಿದರೆ ಅದರ ನಾರುಗಳು ನೆನೆದ ಹತ್ತಿ ಒಣಗಿ ಅಂಟಿಕೊಳ್ಳುವ ಹಾಗೆ ಕುಸಿಯುತ್ತವೆ, ಅಂಟು ಒಳಗಿಳಿಯುವುದಿಲ್ಲ. ಹೊರ ಅಂಗುಲ ಒಣಗಿರಬೇಕು, ಒಳ ಅಂಗುಲ ಪಸೆಯಾಗಿರಬೇಕು. ಅಂಗುಲ ಅಂದದ್ದು ಮಾತಿಗೆ, ಎರಡರ ನಡುವೆ ಇರುವುದು ಒಂದು ಗೆರೆ.

ಆಮೇಲೆ ಪದರ. ಒಂದು ಸಲಕ್ಕೆ ಎರಡು ಮಿಲಿಮೀಟರಿಗಿಂತ ದಪ್ಪ ಬೇಡ. ರಾಳ ಗಟ್ಟಿಯಾಗುವಾಗ ನೂರಕ್ಕೆ ಎರಡು ಮೂರು ಪಾಲು ಕುಗ್ಗುತ್ತದೆ, ಗುಂಡಿಯನ್ನು ಒಮ್ಮೆಗೇ ತುಂಬಿದರೆ ಆ ಕುಗ್ಗು ಗೋಡೆಯಿಂದ ಕಿತ್ತುಕೊಳ್ಳುತ್ತದೆ. ಒಳಪದರಕ್ಕೆ ಮಂದ ಹಳದಿ, ಹೊರಪದರಕ್ಕೆ ಬೆಳಕು ಹಾಯುವ ಬಣ್ಣ. ಒಂದೊಂದು ಪದರಕ್ಕೂ ನೀಲಿ ದೀಪದ ಮೊನೆ ಹಿಡಿದು, ಕಿತ್ತಳೆ ಬಣ್ಣದ ಗಾಜಿನ ಮರೆಯಿಂದ ನೋಡುತ್ತ ಇಪ್ಪತ್ತು ಸೆಕೆಂಡು. ಬೆಳ್ಳಿಯ ಡಾಕ್ಟರು ಗಡಿಯಾರದ ಜೊತೆ ಓಡಬೇಕಿತ್ತು. ಇಲ್ಲಿ ದೀಪ ಹಚ್ಚುವವರೆಗೂ ರಾಳ ಬಹಳಮಟ್ಟಿಗೆ ಹೇಳಿದ ಮಾತು ಕೇಳುತ್ತದೆ. ಡಾಕ್ಟರಮ್ಮ ಒಂದೊಂದು ದಿಬ್ಬವನ್ನೂ ಬೇರೆ ಬೇರೆಯಾಗಿ ಇಟ್ಟು, ಸಣ್ಣ ಕುಂಚದಿಂದ ಇಳಿಜಾರು ತೀಡಿ, ಎರಡು ಇಳಿಜಾರು ಕೂಡುವ ಕಡೆ ಕಣಿವೆ ತಾನಾಗಿ ಆಗುವ ಹಾಗೆ ಬಿಟ್ಟರು.

ನೀಲಿ ಬೆಳಕಿಗೆ ರಾಳ ಕಲ್ಲಾಗುವುದು ಅದರಲ್ಲಿ ಬೆರೆಸಿರುವ ಚೂರು ಹಳದಿ ವಸ್ತುವಿನಿಂದ. ಅದರ ಹೆಸರು ಕ್ಯಾಂಫರ್‌ಕ್ವಿನೋನ್, ಕರ್ಪೂರದಿಂದ ಹುಟ್ಟಿದ್ದು. ಇನ್ನೊಂದು ಕಡೆ, ಲವಂಗದೆಣ್ಣೆಯ ಸತ್ವ ರಾಳಕ್ಕೆ ವೈರಿ. ಅದು ತಾಗಿದ ಕಡೆ ರಾಳ ಸರಿಯಾಗಿ ಗಟ್ಟಿಯಾಗುವುದಿಲ್ಲ, ಅದರ ಅಡಿಗೆ ಲವಂಗದ ಲೇಪ ಹಾಸುವಂತಿಲ್ಲ. ಡಾಕ್ಟರಮ್ಮನ ಕೋಣೆಯಲ್ಲಿ ಏನೋ ಇಲ್ಲ ಅಂತ ಮೊದಲಿಂದ ಅನಿಸುತ್ತಿದ್ದದ್ದು ಯಾಕೆ ಅನ್ನುವುದು ಆಗ ಗೊತ್ತಾಯಿತು. ಲವಂಗ ಹೋಗಿ ಕರ್ಪೂರ ಬಂದಿದೆ. ಆದರೆ ಈ ಕರ್ಪೂರಕ್ಕೆ ವಾಸನೆ ಇಲ್ಲ.

ಕೊನೆಗೆ ಡಾಕ್ಟರಮ್ಮ ಒಂದು ವಿಚಿತ್ರ ಮಾಡಿದರು. ಸೂಜಿಯ ತುದಿಯಲ್ಲಿ ಕಂದು ಬಣ್ಣದ ಒಂದು ಚುಕ್ಕೆ ತೆಗೆದು, ಹೊಚ್ಚ ಹೊಸ ಕಣಿವೆಯ ತಳಕ್ಕೆ ಎಳೆದು, ಹೆಚ್ಚಾದದ್ದನ್ನು ಒರೆಸಿದರು. “ಐವತ್ತರ ಬಾಯಲ್ಲಿ ಇಷ್ಟು ಚೊಕ್ಕ ಹಲ್ಲು ಇದ್ರೆ ಸುಳ್ಳು ಅಂತ ಗೊತ್ತಾಗಿಬಿಡತ್ತೆ” ಅಂದರು. ಚೆಂದದ ಮಗುವಿನ ಕೆನ್ನೆಗೆ ಇಡುವ ದೃಷ್ಟಿಬೊಟ್ಟು ಅದು. ನಾನು ತಪ್ಪು ಹಲ್ಲು ತೋರಿಸಿದ್ದು ಆ ಕಂದು ಗೆರೆಯನ್ನು ನಂಬಿ.

*

ಅರಿವೆ ಹರಿದರೆ ನಮ್ಮಲ್ಲಿ ಎರಡು ದಾರಿ. ಒಂದು ತೇಪೆ, ಇನ್ನೊಂದು ರಫು. ರಫು ಮಾಡುವವನು ಅದೇ ಸೀರೆಯ ಒಳಮಡಿಕೆಯಿಂದ ಎಳೆ ಕಿತ್ತು, ಹರಿದ ಕಡೆ ಹಾಸು ಹೊಕ್ಕು ಮತ್ತೆ ನೇಯುತ್ತಾನೆ. ಅವನ ಕೆಲಸ ಚೆನ್ನಾಗಿದ್ದಷ್ಟೂ ಅವನು ಮಾಡಿದ್ದು ಯಾರಿಗೂ ಕಾಣುವುದಿಲ್ಲ. ಸೀರೆ ಹರಿದಿತ್ತು ಅನ್ನುವುದೇ ಮರೆತುಹೋಗುತ್ತದೆ, ಅವನೂ ಮರೆತುಹೋಗುತ್ತಾನೆ. ತೇಪೆಗೆ ಆ ಸಂಕೋಚವಿಲ್ಲ. ಇಲ್ಲಿ ಹರಿದಿತ್ತು, ಇಲ್ಲಿ ಹೊಲಿದೆವು ಅಂತ ಹೇಳುತ್ತಲೇ ಇರುತ್ತದೆ. ಧಾರವಾಡದ ಕಡೆಯ ಕೌದಿಯಲ್ಲಿ ಆ ಮಾತೇ ಒಂದು ಚೆಲುವಾಗುತ್ತದೆ. ಯಾವ ತುಂಡು ಯಾರ ಇಳಕಲ್ಲಿಂದ ಬಂತು, ಯಾರ ಕುಬಸದಿಂದ ಬಂತು ಅಂತ ಹೊದ್ದವರು ಬೆರಳಿಟ್ಟು ತೋರಿಸುತ್ತಾರೆ.

ಬೆಳ್ಳಿಯ ಮುಂದೆ ಬಿಳಿಯದು ಸುಳ್ಳು ಹೇಳುತ್ತದೆ ಅಂತ ನಾನು ಮೊದಲು ಅಂದುಕೊಂಡಿದ್ದೆ. ಹಾಗಲ್ಲ ಅನ್ನುವುದು ಗುಂಡಿಯನ್ನು ನೆನೆದಾಗ ತಿಳಿಯಿತು. ಬೆಳ್ಳಿ ತನಗೆ ಕೂರಲು ಬೇಕಾದ ಹಾಗೆ ಹಲ್ಲನ್ನು ತಿದ್ದುತ್ತದೆ. ರಾಳ ಹಲ್ಲು ಎಷ್ಟು ಉಳಿದಿದೆಯೋ ಅಷ್ಟಕ್ಕೆ ತನ್ನನ್ನು ತಿದ್ದಿಕೊಳ್ಳುತ್ತದೆ, ಹುಳುಕನ್ನು ಮಾತ್ರ ತೆಗೆದರೆ ಸಾಕು ಅನ್ನುತ್ತದೆ. ಒಳ್ಳೆಯ ಹಲ್ಲಿನ ಮೇಲಿನ ಆ ಮರ್ಯಾದೆ ಅದರ ಬಣ್ಣಕ್ಕಿಂತ ದೊಡ್ಡ ಗುಣ. ಹಾಗಂತ ಅದಕ್ಕೆ ದೋಷ ಇಲ್ಲದಿಲ್ಲ. ಕಾಫಿಗೂ ಅರಿಶಿನಕ್ಕೂ ಬಣ್ಣ ಕುಡಿಯುತ್ತದೆ. ದವಡೆ ಹಲ್ಲಿನಲ್ಲಿ ಅದರ ಆಯುಸ್ಸು ಸಾಮಾನ್ಯವಾಗಿ ಬೆಳ್ಳಿಗಿಂತ ಕಡಿಮೆ, ಅಂಚಿನಲ್ಲಿ ಮತ್ತೆ ಹುಳುಕು ಸೇರುವುದೂ ಹೆಚ್ಚು. ಸಮಯ ಕೇಳುತ್ತದೆ, ದುಡ್ಡು ಕೇಳುತ್ತದೆ.

ಆದರೂ ಬೆಳ್ಳಿಯ ಕಾಲ ಮುಗಿಯುತ್ತ ಬಂದಿದೆ. ಅಗಿಯುವಾಗ ಅದರಿಂದ ತೀರಾ ಸ್ವಲ್ಪ ಪಾದರಸದ ಆವಿ ಹೊರಡುತ್ತದೆ. ಬಸುರಿಯರು, ಎಳೆಯ ಮಕ್ಕಳು, ಮೂತ್ರಪಿಂಡದ ಕಾಯಿಲೆಯವರಂಥವರಿಗೆ ಹೊಸದಾಗಿ ಹಾಕದಿರುವುದು ಒಳ್ಳೆಯದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2020ರಲ್ಲಿ ಹೇಳಿತು. ಚೆನ್ನಾಗಿರುವ ಹಳೆಯದನ್ನು ಸುಮ್ಮನೆ ಕೀಳಬೇಡಿ, ಕೀಳುವಾಗಲೇ ಆವಿ ಏಳುತ್ತದೆ ಅಂತಲೂ ಹೇಳಿತು. ದೊಡ್ಡ ಚಿಂತೆ ಬಾಯಿಂದ ಆಚೆಯದು. ಉಗುಳುವ ಬೋಗುಣಿಯಿಂದ ಚರಂಡಿಗೆ, ಚರಂಡಿಯಿಂದ ಕೆರೆಗೆ ಹೋಗುವ ಚೂರುಗಳು. ಸುಡುಗಾಡಿನ ಬೆಂಕಿಯಲ್ಲಿ ಹೊಗೆಯಾಗಿ ಏಳುವ ಪಾದರಸ. ಜಪಾನಿನ ಮಿನಮಾಟಾ ಕೊಲ್ಲಿಯ ಮೀನು ತಿಂದು ನರಳಿದ ಜನರ ಊರಿನ ಹೆಸರಲ್ಲೇ 2013ರಲ್ಲಿ ಪಾದರಸದ ವಿರುದ್ಧ ಜಾಗತಿಕ ಒಪ್ಪಂದವಾಯಿತು, 2018ರಲ್ಲಿ ಭಾರತವೂ ಅದನ್ನು ಅಂಗೀಕರಿಸಿತು. ಯುರೋಪ್ ಒಕ್ಕೂಟ 2025ರ ಜನವರಿ 1ರಿಂದ ಬೆಳ್ಳಿ ಸಿಮೆಂಟನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿದೆ. ಕಟ್ಟಿಹಾಕಿದ ರಸ ನಾನು ಬೂದಿಯಾಗುವ ದಿನ ಮತ್ತೆ ಹಾರಿಹೋಗುತ್ತದೆ. ರಸಬಂಧ ಅಷ್ಟರವರೆಗಿನ ಕರಾರು ಮಾತ್ರ. ನಮ್ಮೂರ ಡಾಕ್ಟರ ಕೈಯನ್ನು ಎಷ್ಟು ಮೆಚ್ಚಿದರೂ, ನನ್ನ ಮಗಳ ಹಲ್ಲಿಗೆ ಬಿಳಿಯದೇ ಇರಲಿ ಅನ್ನುತ್ತೇನೆ.

ನಾಲಿಗೆಗೆ ನಮ್ಮಲ್ಲಿ ರಸನೆ ಅನ್ನುವ ಹೆಸರೂ ಇದೆ. ಅದಕ್ಕೆ ಬೆಳ್ಳಿಯೂ ಬಿಳಿಯೂ ಒಂದೇ, ಕತ್ತಲಲ್ಲಿ ಕೆಲಸ ಮಾಡುವ ಪರೀಕ್ಷಕ ಅದು. ಕಣ್ಣಿಗೆ ಸಿಗದ ಬಿಳಿಯ ಹಲ್ಲು ಆವತ್ತು ರಾತ್ರಿಯೇ ನಾಲಿಗೆಗೆ ಸಿಕ್ಕಿಬಿದ್ದಿತ್ತು. ಒಂದು ದಿಬ್ಬ ಸಾಸಿವೆಯ ಸಿಪ್ಪೆಯಷ್ಟು ಎತ್ತರ. ವಾರ ಪೂರ್ತಿ ನಾಲಿಗೆ ಅಲ್ಲೇ ಸುಳಿದಾಡಿತು. ಡಾಕ್ಟರಮ್ಮ ಬಣ್ಣದ ಕಾಗದ ಕಚ್ಚಿಸಿ, ಕಲೆ ಮೂಡಿದ ಕಡೆ ಒಂದೆರಡು ಸಲ ಉಜ್ಜಿ ಕಳಿಸಿದರು. ಆಮೇಲೆ ಬಲಗಡೆಗೂ ನಾಲಿಗೆಯನ್ನು ಕಳಿಸಿ ನೋಡಿದೆ. ಕನ್ನಡಿಯಲ್ಲಿ ಅಷ್ಟು ಎದ್ದು ಕಾಣುವ ಬೆಳ್ಳಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಅಂತ ಅದಕ್ಕೆ ಗೊತ್ತಾಗಲೇ ಇಲ್ಲ. ನಲವತ್ತು ವರ್ಷ ಒಟ್ಟಿಗೆ ಸವೆದು ಹಲ್ಲೂ ಲೋಹವೂ ಒಂದೇ ಇಳಿಜಾರಾಗಿವೆ. ತೇಪೆ ರಫು ಆಗಿದೆ.

ರಾಳ ಹಾಕಿದ ಹಲ್ಲಿನಲ್ಲಿ ಅದೇ ದಿನ ಏನು ಬೇಕಾದರೂ ತಿನ್ನಬಹುದು ಅಂದಿದ್ದರು ಡಾಕ್ಟರಮ್ಮ. ತಿನ್ನುತ್ತಲೂ ಇದ್ದೇನೆ. ಚಕ್ಕುಲಿ ಮಾತ್ರ, ಕೇಳದೆ ಹೇಳದೆ, ಈಗಲೂ ಬಲಗಡೆಗೇ ಹೋಗುತ್ತದೆ.